ಪ್ರಶ್ನಾವಳಿಗೂ ಮೊದಲು: ಸಾಮಾಜಿಕ ಸಂಶೋಧನೆಗೆ ದತ್ತಾಂಶ ಸಂಗ್ರಹಿಸುವ ಬಗೆ

ಮೊದಲ ಬಾರಿಗೆ ಸಂಶೋಧನೆಗೆ ಇಳಿದವರು ಮಾರ್ಗದರ್ಶಕರ ಮೇಜಿನ ಮೇಲೆ ಸಾಮಾನ್ಯವಾಗಿ ತಂದಿಡುವುದು ಪ್ರಶ್ನಾವಳಿಯನ್ನು. ನಲವತ್ತೋ ಐವತ್ತೋ ಪ್ರಶ್ನೆಗಳು ಅಂದವಾಗಿ ಟೈಪ್ ಆಗಿರುತ್ತವೆ. "ಇದರಿಂದ ನಿಮಗೆ ಏನು ತಿಳಿಯಬೇಕಾಗಿದೆ?" ಎಂದು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ. ನಾನು ಶುರು ಮಾಡಿದ್ದೂ ಹಾಗೆಯೇ. ಪ್ರಶ್ನಾವಳಿ ಎಂಬುದು ದತ್ತಾಂಶ ಸಂಗ್ರಹದ ಹಲವು ಸಾಧನಗಳಲ್ಲಿ ಒಂದು ಎಂಬುದೂ, ಎಲ್ಲ ಬೀಗಕ್ಕೂ ಆ ಒಂದೇ ಕೀಲಿಕೈ ಹೊಂದುವುದಿಲ್ಲ ಎಂಬುದೂ ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ವಿಧಾನ ಬದಲಾದರೆ ಉತ್ತರವೇ ಬದಲಾಗುತ್ತದೆ ಎಂಬುದಕ್ಕೆ ಹಳೆಯದೊಂದು ಅಧ್ಯಯನ ಸಾಕ್ಷಿ. ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ 1930ರ ದಶಕದ ಆರಂಭದಲ್ಲಿ ಚೀನೀ ದಂಪತಿಯೊಂದಿಗೆ ಅಮೆರಿಕದ ಉದ್ದಗಲಕ್ಕೆ ಪ್ರಯಾಣ ಮಾಡಿದರು. ಆಗ ಅಲ್ಲಿ ಚೀನೀಯರ ಬಗ್ಗೆ ಬಹಿರಂಗವಾದ ಅಸಹನೆಯಿತ್ತು. ಅವರು ಕಾಲಿಟ್ಟ ವಸತಿಗೃಹ, ಹೋಟೆಲುಗಳು ಒಟ್ಟು 251. ಪ್ರವೇಶ ನಿರಾಕರಿಸಿದ್ದು ಒಂದೇ ಒಂದು ಕಡೆ. ಕೆಲವು ತಿಂಗಳ ನಂತರ ಅದೇ ಜಾಗಗಳಿಗೆ ಅಂಚೆಯಲ್ಲಿ ಪ್ರಶ್ನಾವಳಿ ಕಳುಹಿಸಿ, ಚೀನೀಯರನ್ನು ಅತಿಥಿಗಳಾಗಿ ಸ್ವೀಕರಿಸುತ್ತೀರಾ ಎಂದು ಕೇಳಿದರು. ಉತ್ತರ ಬರೆದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ "ಇಲ್ಲ" ಎಂದಿದ್ದರು. ಇದು ಪ್ರಕಟವಾದದ್ದು 1934ರಲ್ಲಿ. ಬರೀ ಪ್ರಶ್ನಾವಳಿಯನ್ನು ನಂಬಿದವರಿಗೆ ಸಿಗುತ್ತಿದ್ದ ಚಿತ್ರ ಒಂದು, ಬರೀ ಕಣ್ಣನ್ನು ನಂಬಿದವರಿಗೆ ಸಿಗುತ್ತಿದ್ದ ಚಿತ್ರ ಇನ್ನೊಂದು. ಎರಡೂ ಸುಳ್ಳಲ್ಲ. ಜನರು ಹೇಳುವುದು ಬೇರೆ, ಮಾಡುವುದು ಬೇರೆ, ಕಾಗದದಲ್ಲಿ ಉಳಿಸಿಹೋಗುವುದು ಮತ್ತೂ ಬೇರೆ. ನಿಮ್ಮ ಸಂಶೋಧನೆಗೆ ಈ ಮೂರರಲ್ಲಿ ಯಾವುದು ಬೇಕು ಎಂಬುದು ನಿರ್ಧಾರವಾಗದೆ ಯಾವ ವಿಧಾನವನ್ನೂ ಆರಿಸಿಕೊಳ್ಳಬೇಡಿ.

ಲೇಖನದುದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತೇನೆ: ಗಂಡ ಹೆಂಡತಿ ಇರುವ ಮನೆಗಳಲ್ಲಿ ಮನೆಗೆಲಸ ಯಾರ ಪಾಲಿಗೆ ಎಷ್ಟು?

ಮೊದಲ ಹೆಜ್ಜೆ: ಪ್ರಶ್ನೆಯನ್ನು ಬಿಡಿಸಿ ಬರೆಯುವುದು

ಸಂಶೋಧನಾ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ ಅದರ ಒಂದೊಂದು ಪದವನ್ನೂ ಹಿಡಿದು ಜಗ್ಗಿ ನೋಡಿ. "ಮನೆಗೆಲಸ" ಎಂದರೆ ಏನೇನು? ಅಡುಗೆ, ಪಾತ್ರೆ, ಬಟ್ಟೆ ಸರಿ. ಮಗುವಿಗೆ ಪಾಠ ಹೇಳಿಕೊಡುವುದು ಅದರಲ್ಲಿ ಸೇರುತ್ತದೆಯೇ? ಕಾಯಿಲೆಯವರ ಆರೈಕೆ? ನಾಳೆಗೆ ಏನು ಬೇಕೆಂದು ನೆನಪಿಟ್ಟುಕೊಳ್ಳುವ ಕೆಲಸ? "ಎಷ್ಟು" ಎಂದರೆ ಗಂಟೆಗಳ ಲೆಕ್ಕವೇ, ಕೆಲಸಗಳ ಸಂಖ್ಯೆಯೇ, ಹೊಣೆ ಯಾರದು ಎಂಬುದೇ? "ಮನೆ" ಎಂದರೆ ಒಂದೇ ಸೂರಿನಡಿ ಇರುವವರೇ, ಒಂದೇ ಒಲೆಯಲ್ಲಿ ಉಣ್ಣುವವರೇ? ಈ ವ್ಯಾಖ್ಯೆಗಳನ್ನು ಕಾಗದದ ಮೇಲೆ ಇಳಿಸದಿದ್ದರೆ ನಿಮ್ಮ ಜೊತೆ ಮಾಹಿತಿ ಸಂಗ್ರಹಿಸುವ ನಾಲ್ವರು ನಾಲ್ಕು ಬಗೆಯ ಮನೆಗೆಲಸವನ್ನು ಎಣಿಸಿಕೊಂಡು ಬರುತ್ತಾರೆ. ಕೊನೆಗೆ ಅವನ್ನು ಕೂಡಿಸಲೂ ಆಗುವುದಿಲ್ಲ, ಹೋಲಿಸಲೂ ಆಗುವುದಿಲ್ಲ.

ಆ ಬಳಿಕ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ "ಏನು ತಿಳಿಯಬೇಕು", ಬಲಕ್ಕೆ "ಅದು ಎಲ್ಲಿ ಸಿಗುತ್ತದೆ". ಗಂಟೆಗಳ ಲೆಕ್ಕವಾದರೆ ದಿನಚರಿಯಲ್ಲಿ. ಇದು ನ್ಯಾಯವೇ ಅನ್ಯಾಯವೇ ಎಂಬ ಭಾವನೆಯಾದರೆ ಸಂದರ್ಶನದಲ್ಲಿ. ಎಷ್ಟು ಮನೆಗಳಲ್ಲಿ ಹೀಗಿದೆ ಎಂಬುದಾದರೆ ಸಮೀಕ್ಷೆಯಲ್ಲಿ. ಅರ್ಧ ದಿನ ಹಿಡಿಯುವ ಈ ಕೆಲಸವನ್ನು ಬಿಟ್ಟವರು ಆಮೇಲೆ ತಿಂಗಳುಗಟ್ಟಲೆ ಅದರ ದಂಡ ತೆರುತ್ತಾರೆ.

ಎರಡನೆಯದು: ಆಗಲೇ ಇರುವುದನ್ನು ನೋಡುವುದು

ಬೇರೆಯವರು ಬೇರೆ ಉದ್ದೇಶಕ್ಕೆ ಸಂಗ್ರಹಿಸಿಟ್ಟದ್ದನ್ನು ದ್ವಿತೀಯಕ ದತ್ತಾಂಶ ಎನ್ನುತ್ತೇವೆ. ಜನಗಣತಿ, ಸರ್ಕಾರಿ ಸಮೀಕ್ಷೆಗಳು, ಆಸ್ಪತ್ರೆ ಮತ್ತು ಶಾಲೆಯ ದಾಖಲೆ ಪುಸ್ತಕಗಳು, ಸಭೆಯ ನಡಾವಳಿಗಳು, ಪತ್ರಿಕೆಗಳು, ಖಾಸಗಿ ಪತ್ರಗಳು ಎಲ್ಲವೂ ಇದರಲ್ಲಿ ಬರುತ್ತವೆ. ಪೋಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ರೈತಕುಟುಂಬಗಳನ್ನು ಕುರಿತು ಡಬ್ಲ್ಯೂ. ಐ. ಥಾಮಸ್ ಮತ್ತು ಫ್ಲೋರಿಯನ್ ಝ್ನಾನಿಯೆಟ್ಸ್ಕಿ ಸುಮಾರು ನೂರು ವರ್ಷಗಳ ಹಿಂದೆ ಮಾಡಿದ ಅಧ್ಯಯನಕ್ಕೆ ಮುಖ್ಯ ಆಧಾರಗಳಲ್ಲಿ ಒಂದು, ಆ ಕುಟುಂಬದವರು ಊರಿಗೂ ಊರಿನವರು ಅವರಿಗೂ ಬರೆದುಕೊಂಡ ಪತ್ರಗಳು. ಸಂಶೋಧಕರಿಗಾಗಿ ಬರೆದದ್ದಲ್ಲವಾದ್ದರಿಂದಲೇ ಅವುಗಳಿಗೆ ಆ ಬೆಲೆ.

ದಾಖಲೆಯನ್ನು ಕೈಗೆತ್ತಿಕೊಂಡಾಗ ಅದನ್ನೂ ಒಬ್ಬ ಮಾಹಿತಿದಾರನಂತೆ ಪ್ರಶ್ನಿಸಬೇಕು. ಸಂಗ್ರಹಿಸಿದವರು ಯಾರು, ಯಾವ ಕಾರಣಕ್ಕೆ, ಯಾವ ವ್ಯಾಖ್ಯೆ ಇಟ್ಟುಕೊಂಡು, ಯಾರನ್ನು ಹೊರಗಿಟ್ಟು? ಪೊಲೀಸ್ ಅಂಕಿಅಂಶ ದಾಖಲಾದ ಅಪರಾಧಗಳನ್ನು ಹೇಳುತ್ತದೆ, ನಡೆದ ಅಪರಾಧಗಳನ್ನಲ್ಲ. ದೂರುಗಳ ಸಂಖ್ಯೆ ಏರಿದರೆ ಅಪರಾಧ ಹೆಚ್ಚಿರಬಹುದು, ದೂರು ಕೊಡುವ ಧೈರ್ಯ ಹೆಚ್ಚಿರಲೂಬಹುದು. ಹಳೆಯ ಮತ್ತು ಹೊಸ ವರದಿಗಳನ್ನು ಹೋಲಿಸುವಾಗ ನಡುವೆ ವ್ಯಾಖ್ಯೆ ಬದಲಾಗಿದೆಯೇ ಎಂದು ಅಡಿಟಿಪ್ಪಣಿಗಳನ್ನು ಓದಿ. ಕೋಷ್ಟಕಕ್ಕಿಂತ ಅಡಿಟಿಪ್ಪಣಿಯಲ್ಲೇ ಹೆಚ್ಚು ಸತ್ಯ ಅಡಗಿರುವ ವರದಿಗಳನ್ನು ನಾನು ಬಹಳ ನೋಡಿದ್ದೇನೆ.

ಮೂರನೆಯದು: ಯಾರನ್ನು ಕೇಳುವುದು

ನಿಮ್ಮ ಪ್ರಶ್ನೆ ಯಾರಿಗೆಲ್ಲ ಅನ್ವಯಿಸುತ್ತದೆಯೋ ಅವರೆಲ್ಲ ಸೇರಿದರೆ ಸಮಷ್ಟಿ. ಅವರಲ್ಲಿ ನೀವು ನಿಜವಾಗಿ ಭೇಟಿಯಾಗುವವರು ಮಾದರಿ. ಮಾದರಿ ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಹಳ ಗಟ್ಟಿ. ಅದನ್ನು ಕೆಡವಿದ್ದು 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ. ಲಿಟರರಿ ಡೈಜೆಸ್ಟ್ ಪತ್ರಿಕೆ ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಿ ಸುಮಾರು ಒಂದು ಕೋಟಿ ಜನರಿಗೆ ಅಣಕು ಮತಪತ್ರ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳ ಆಧಾರದ ಮೇಲೆ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಹೇಳಿತು. ಗೆದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ಪತ್ರಿಕೆ ವಿಳಾಸಗಳನ್ನು ಪಡೆದದ್ದು ಮುಖ್ಯವಾಗಿ ದೂರವಾಣಿ ಡೈರೆಕ್ಟರಿ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಸಾಲದ್ದಕ್ಕೆ, ಮತಪತ್ರ ತಲುಪಿದವರಲ್ಲಿ ಕಾಲು ಭಾಗದಷ್ಟು ಜನ ಮಾತ್ರ ಉತ್ತರಿಸಿದ್ದರು. ಅದಕ್ಕಿಂತ ಎಷ್ಟೋ ಪಾಲು ಸಣ್ಣ ಮಾದರಿ ಇಟ್ಟುಕೊಂಡ ಜನಮತ ಸಮೀಕ್ಷಕ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದರು. ಇಂದು ಮೊಬೈಲಿನಲ್ಲಿ ಫಾರ್ಮ್ ಹಂಚಿ ಎರಡು ಸಾವಿರ ಉತ್ತರ ಬಂತೆಂದು ಸಮಾಧಾನಪಡುವವರು ಈ ಕಥೆಯನ್ನು ಇನ್ನೊಮ್ಮೆ ಓದಬೇಕು. ನಿಮ್ಮ ಕೊಂಡಿ ಯಾರ ಕೈಗೆ ತಲುಪಲೇ ಇಲ್ಲ ಎಂಬುದೇ ಅಲ್ಲಿ ಮುಖ್ಯ.

ಹಾಗಾದರೆ ಎಷ್ಟು ಮಂದಿ ಬೇಕು? ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವುದು ತಾರೊ ಯಮಾನೆ ಅವರ ಸರಳ ಸೂತ್ರವನ್ನು. ಸಮಷ್ಟಿಯ ಸಂಖ್ಯೆಯನ್ನು ದೋಷಮಿತಿಯ (ಮಾದರಿಯ ಉತ್ತರ ನಿಜದಿಂದ ಎಷ್ಟು ಆಚೀಚೆ ಆದರೂ ಸರಿ ಎಂದು ನೀವು ಒಪ್ಪುವ ಮಿತಿ) ವರ್ಗದಿಂದ ಗುಣಿಸಿ, ಅದಕ್ಕೆ ಒಂದನ್ನು ಕೂಡಿಸಿ, ಬಂದ ಮೊತ್ತದಿಂದ ಸಮಷ್ಟಿಯ ಸಂಖ್ಯೆಯನ್ನು ಭಾಗಿಸುವುದು. ಸಮಷ್ಟಿಯಲ್ಲಿ 2,000 ಮನೆಗಳಿವೆ, ದೋಷಮಿತಿ ನೂರಕ್ಕೆ 5 ಎಂದುಕೊಳ್ಳಿ. 0.05ರ ವರ್ಗ 0.0025. ಅದನ್ನು 2,000ದಿಂದ ಗುಣಿಸಿದರೆ 5, ಒಂದು ಕೂಡಿಸಿದರೆ 6. ಎರಡು ಸಾವಿರವನ್ನು ಆರರಿಂದ ಭಾಗಿಸಿದರೆ ಸುಮಾರು 333 ಮನೆಗಳು. ಇನ್ನು ಸಮಷ್ಟಿ ಒಂದು ಲಕ್ಷವಾದರೆ ಮಾದರಿ ಎಷ್ಟಾಗಬೇಕು? ಅದೇ ಲೆಕ್ಕದಲ್ಲಿ 398. ಸಮಷ್ಟಿ ಐವತ್ತು ಪಟ್ಟು ಬೆಳೆದರೂ ಮಾದರಿ ಬೆಳೆದದ್ದು ಅರವತ್ತೈದು ಮನೆಗಳಷ್ಟು ಮಾತ್ರ! ಆದರೆ ಈ ಸೂತ್ರ ಸರಳ ಯಾದೃಚ್ಛಿಕ ಆಯ್ಕೆಗೆ ಹೇಳಿದ್ದು. ಬೇಕಾದವರನ್ನು ಹುಡುಕಿ ಮಾತನಾಡಿಸಿ ಬಂದು, ಸಂಖ್ಯೆ 333 ತಲುಪಿತೆಂದ ಮಾತ್ರಕ್ಕೆ ಅದರ ಬಲ ನಿಮಗೆ ಸಿಗುವುದಿಲ್ಲ. ಮಾದರಿಯೊಳಗೇ ಉಪಗುಂಪುಗಳನ್ನು ಹೋಲಿಸುವ ಯೋಚನೆಯಿದ್ದರೆ ಒಂದೊಂದು ಗುಂಪಿನಲ್ಲೂ ಸಾಕಷ್ಟು ಜನರಿರಬೇಕು, ಆಗ ಒಟ್ಟು ಸಂಖ್ಯೆ ಇನ್ನೂ ಏರುತ್ತದೆ.

ಯಾದೃಚ್ಛಿಕ ಎಂದರೆ ಮನಸ್ಸಿಗೆ ಬಂದಂತೆ ಎಂದಲ್ಲ, ಸಮಷ್ಟಿಯ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶವಿದೆ ಎಂದು. ಕೈಯಲ್ಲಿ ಪಟ್ಟಿಯಿದ್ದರೆ ಕ್ರಮಬದ್ಧ ಆಯ್ಕೆ, ಅಂದರೆ ಒಂದೇ ಅಂತರ ಬಿಟ್ಟು ಆರಿಸುತ್ತ ಹೋಗುವುದು, ಸುಲಭ. ಮೇಲಿನ ಉದಾಹರಣೆಯಲ್ಲಿ 2,000ಕ್ಕೆ 333 ಎಂದರೆ ಸುಮಾರು ಆರಕ್ಕೊಂದು ಮನೆ, ಆದ್ದರಿಂದ ಅಂತರ 6. ಒಂದರಿಂದ ಆರರವರೆಗಿನ ಚೀಟಿಗಳಲ್ಲಿ ಒಂದನ್ನು ಎತ್ತಿ. 4 ಬಂದರೆ ನಾಲ್ಕನೆಯ ಮನೆ, ಆಮೇಲೆ 10, 16, 22, ಹೀಗೆ. ಪಟ್ಟಿಯಲ್ಲಿ ಅದೇ ಅಂತರದ ಲಯವೇನಾದರೂ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪ್ರತಿ ಆರನೆಯದು ಮೂಲೆಮನೆಯಾಗಿದ್ದರೆ ನಿಮ್ಮ ಮಾದರಿಯ ತುಂಬ ಮೂಲೆಮನೆಗಳೇ ಬರಬಹುದು. ಪಟ್ಟಿಯೇ ಇಲ್ಲದ ಗುಂಪುಗಳಿಗೆ, ಉದಾಹರಣೆಗೆ ದಾಖಲೆಯಿಲ್ಲದ ವಲಸೆ ಕಾರ್ಮಿಕರಿಗೆ, ಒಬ್ಬರಿಂದ ಇನ್ನೊಬ್ಬರ ಪರಿಚಯ ಪಡೆಯುತ್ತ ಹೋಗುವ ಹಿಮಚೆಂಡು ಮಾದರಿಯೇ ದಾರಿ. ಅದರಿಂದ ಆಳ ಸಿಗುತ್ತದೆ, ಆದರೆ "ನೂರಕ್ಕೆ ಇಷ್ಟು ಮಂದಿ" ಎಂದು ಬರೆಯುವ ಹಕ್ಕು ಸಿಗುವುದಿಲ್ಲ.

ಮನೆಯನ್ನು ಆರಿಸಿದರೆ ಕೆಲಸ ಮುಗಿಯಲಿಲ್ಲ, ಮನೆಯೊಳಗೆ ಯಾರನ್ನು ಕೇಳುವುದು? ಹಗಲು ಹನ್ನೊಂದಕ್ಕೆ ಬಾಗಿಲು ತೆರೆಯುವವರನ್ನೇ ಕೇಳುತ್ತ ಹೋದರೆ ದುಡಿಯಲು ಹೊರಗೆ ಹೋದವರೆಲ್ಲ ನಿಮ್ಮ ಅಧ್ಯಯನದಿಂದಲೂ ಹೊರಗೆ. ವಯಸ್ಕರಲ್ಲಿ ಯಾರ ಹುಟ್ಟಿದ ದಿನ ಮುಂದೆ ಮೊದಲು ಬರುತ್ತದೆಯೋ ಅವರನ್ನು ಆರಿಸುವುದು ಒಂದು ಉಪಾಯ, ಚೀಟಿ ಎತ್ತುವುದು ಇನ್ನೊಂದು. ಅವರು ಸಿಗದಿದ್ದರೆ ಪಕ್ಕದ ಮನೆಗೆ ಹಾರಬೇಡಿ. ಬೇರೆ ಬೇರೆ ಹೊತ್ತಿನಲ್ಲಿ ಕನಿಷ್ಠ ಮೂರು ಸಲ ಹೋಗಿ. ಸುಲಭಕ್ಕೆ ಸಿಗದವರ ಬದುಕು ಸಿಗುವವರ ಬದುಕಿಗಿಂತ ಬೇರೆಯಾಗಿರುತ್ತದೆ, ನೀವು ತಿಳಿಯಹೊರಟಿರುವುದು ಅನೇಕ ಸಲ ಆ ವ್ಯತ್ಯಾಸವನ್ನೇ.

ನಾಲ್ಕನೆಯದು: ಪ್ರಶ್ನಾವಳಿ ಕಟ್ಟುವುದು

ಉತ್ತರದಾತರು ತಾವೇ ಓದಿ ತುಂಬುವುದು ಪ್ರಶ್ನಾವಳಿ. ಸಂಶೋಧಕರು ಎದುರು ಕುಳಿತು ಕೇಳಿ ತುಂಬುವುದು ಅನುಸೂಚಿ. ಓದುಬರಹ ಬಾರದವರು ಇರುವಲ್ಲಿ, ಪ್ರಶ್ನೆಗಳು ಜಟಿಲವಾಗಿರುವಲ್ಲಿ ಅನುಸೂಚಿಯೇ ಸರಿ. ಎದುರಿಗೆ ಹೇಳಲು ಮುಜುಗರವಾಗುವ ವಿಷಯಗಳಿಗೆ ತಾವೇ ತುಂಬುವ ಪ್ರಶ್ನಾವಳಿ ವಾಸಿ.

ಈಗ ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ನಮ್ಮ ಉದಾಹರಣೆಗೆ ಯಾರಾದರೂ ಮೊದಲು ಬರೆಯುವ ಪ್ರಶ್ನೆ ಇದು: "ನಿಮ್ಮ ಗಂಡ ಮನೆಗೆಲಸದಲ್ಲಿ ನಿಮಗೆ ಸಹಾಯ ಮಾಡುತ್ತಾರೆಯೇ?" ಓದಲು ಸಾಧುವಾಗಿದೆ. ಆದರೆ "ಸಹಾಯ" ಎಂಬ ಒಂದು ಪದ, ಕೆಲಸ ಹೆಂಡತಿಯದು, ಗಂಡ ಮಾಡಿದರೆ ಉಪಕಾರ ಎಂದು ಆಗಲೇ ತೀರ್ಪು ಕೊಟ್ಟುಬಿಟ್ಟಿದೆ. ತಿಳಿಯಬೇಕಾದದ್ದನ್ನೇ ಪ್ರಶ್ನೆ ತಾನಾಗಿ ಹೇಳಿಬಿಟ್ಟರೆ ಕೇಳುವುದೇನು ಉಳಿಯಿತು? "ಮಾಡುತ್ತಾರೆಯೇ" ಎಂಬುದಕ್ಕೆ ಕಾಲದ ಗಡಿಯಿಲ್ಲ. ವರ್ಷಕ್ಕೊಮ್ಮೆ ಮಾಡಿದರೂ ಹೌದು, ದಿನವೂ ಮಾಡಿದರೂ ಹೌದು. ಗಂಡ ಪಕ್ಕದ ಕೋಣೆಯಲ್ಲಿದ್ದರೆ ಉತ್ತರ ಯಾವುದೆಂದು ಮೊದಲೇ ಬರೆದಿಡಬಹುದು. ಇದರ ಬದಲು ಹೀಗೆ ಕೇಳಿ ನೋಡಿ: "ನಿನ್ನೆ ನಿಮ್ಮ ಮನೆಯಲ್ಲಿ ಬಟ್ಟೆ ಒಗೆದವರು ಯಾರು?" ಉತ್ತರದ ಆಯ್ಕೆಗಳು: ನೀವು, ನಿಮ್ಮ ಗಂಡ, ಇಬ್ಬರೂ, ಬೇರೆಯವರು, ನಿನ್ನೆ ಒಗೆಯಲಿಲ್ಲ. ಇದು ಒಂದು ಕೆಲಸ, ಒಂದು ದಿನ. ಹೀಗೆ ಹತ್ತು ಕೆಲಸಗಳನ್ನು ಕೇಳಿದರೆ ಚಿತ್ರ ತಾನಾಗಿ ಮೂಡುತ್ತದೆ, ಯಾರೂ ಯಾರನ್ನೂ ದೂರಿದಂತೆ ಆಗುವುದಿಲ್ಲ.

ಒಂದು ಪದ ಎಷ್ಟು ದೂರ ಎಳೆದೊಯ್ಯಬಲ್ಲದು ಎಂಬುದನ್ನು ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ತೋರಿಸಿದರು. ಕಾರುಗಳು ಡಿಕ್ಕಿಯಾಗುವ ಚಿತ್ರವನ್ನು ನೋಡಿದವರಿಗೆ ವೇಗ ಎಷ್ಟಿತ್ತು ಎಂದು ಕೇಳಿದರು. "ಒಂದಕ್ಕೊಂದು ತಾಗಿದಾಗ" ಎಂಬಂಥ ಕ್ರಿಯಾಪದ ಬಳಸಿದಾಗ ಸರಾಸರಿ ಉತ್ತರ ಗಂಟೆಗೆ 34 ಮೈಲಿ. "ಅಪ್ಪಳಿಸಿದಾಗ" ಎಂಬಂಥ ಪದ ಬಳಸಿದಾಗ ಸುಮಾರು 41. ನೋಡಿದ ದೃಶ್ಯ ಒಂದೇ.

ಇನ್ನು ಕೆಲವು ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. "ನಿಮ್ಮ ಸಂಬಳ ಮತ್ತು ಕೆಲಸದ ವೇಳೆ ತೃಪ್ತಿಕರವಾಗಿವೆಯೇ?" ಎಂಬುದು ಎರಡು ಪ್ರಶ್ನೆ, ಒಡೆಯಿರಿ. ವಯಸ್ಸಿನ ವರ್ಗಗಳನ್ನು 20–30, 30–40 ಎಂದು ಬರೆದರೆ ಮೂವತ್ತು ವರ್ಷದವರು ಎಲ್ಲಿಗೆ ಹೋಗಬೇಕು? 20–29, 30–39 ಎಂದು ಬರೆಯಿರಿ. ವಯಸ್ಸನ್ನು ನೇರವಾಗಿ ಕೇಳಿದಾಗ ಜನ 40, 45, 50 ಎಂದು ಸೊನ್ನೆ ಮತ್ತು ಐದರ ಮೇಲೆ ಬಂದು ನಿಲ್ಲುತ್ತಾರೆ. ಜನಸಂಖ್ಯಾಶಾಸ್ತ್ರಜ್ಞರಿಗೆ ಇದು ಹಳೆಯ ತಲೆನೋವು, ಹುಟ್ಟಿದ ವರ್ಷ ಕೇಳಿದರೆ ಅಥವಾ ಎಲ್ಲರಿಗೂ ನೆನಪಿರುವ ಘಟನೆಯೊಂದನ್ನು ಹಿಡಿದು ಲೆಕ್ಕ ಹಾಕಿದರೆ ಸ್ವಲ್ಪ ಸರಿಹೋಗುತ್ತದೆ. "ಪೂರ್ತಿ ಒಪ್ಪುತ್ತೇನೆ"ಯಿಂದ "ಸ್ವಲ್ಪವೂ ಒಪ್ಪುವುದಿಲ್ಲ"ದವರೆಗಿನ ಐದು ಮೆಟ್ಟಿಲ ಮಾಪಕ ರೆನ್ಸಿಸ್ ಲೈಕರ್ಟ್ 1932ರಲ್ಲಿ ಮುಂದಿಟ್ಟ ವಿಧಾನದಿಂದ ಬಂದದ್ದು. ಮನೋಭಾವ ಅಳೆಯಲು ಉಪಯುಕ್ತ, ಆದರೆ ಎಲ್ಲ ಹೇಳಿಕೆಗಳೂ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಜನ ಓದದೆಯೇ ಒಂದೇ ಕಂಬಸಾಲಿನಲ್ಲಿ ಗುರುತು ಹಾಕುತ್ತ ಇಳಿಯುತ್ತಾರೆ. ಆದಾಯ, ಜಗಳ, ಆರೋಗ್ಯದಂಥ ಸೂಕ್ಷ್ಮ ಪ್ರಶ್ನೆಗಳನ್ನು ಪ್ರಶ್ನಾವಳಿಯ ಅರ್ಧ ದಾಟಿದ ಮೇಲೆ ಇಡಿ.

ಭಾಷೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. "ತಮ್ಮ ಕುಟುಂಬದ ಮಾಸಿಕ ಆದಾಯದ ಪ್ರಧಾನ ಮೂಲವಾವುದು?" ಎಂಬುದು ಪ್ರಬಂಧದ ಭಾಷೆ. ಬಾಗಿಲಲ್ಲಿ ನಿಂತು ಅದನ್ನೇ ಓದಿದರೆ ಎದುರಿನವರಿಗೆ ಪರೀಕ್ಷೆಗೆ ಕುಳಿತಂತಾಗುತ್ತದೆ. "ಮನೆ ಖರ್ಚಿಗೆ ಹಣ ಮುಖ್ಯವಾಗಿ ಎಲ್ಲಿಂದ ಬರುತ್ತದೆ?" ಎಂದು ಕೇಳಿ. ಬರೆದ ಪ್ರತಿಯೊಂದು ಪ್ರಶ್ನೆಯನ್ನೂ ಗಟ್ಟಿಯಾಗಿ ಉಚ್ಚರಿಸಿ ನೋಡಿ. ನಾಲಿಗೆ ಎಡವಿದ ಕಡೆಯೆಲ್ಲ ತಿದ್ದಬೇಕು.

ಪ್ರಶ್ನಾವಳಿ ಸಿದ್ಧವಾದ ಮೇಲೆ ಮಾದರಿಗೆ ಸೇರದ ಹದಿನೈದು ಇಪ್ಪತ್ತು ಮಂದಿಯ ಬಳಿ ಪೂರ್ವಪರೀಕ್ಷೆ ಮಾಡಿ. ಭಾರತದಲ್ಲಿ ಬೃಹತ್ ಮಾದರಿ ಸಮೀಕ್ಷೆಗಳಿಗೆ ಅಡಿಪಾಯ ಹಾಕಿದ ಪಿ. ಸಿ. ಮಹಾಲನೋಬಿಸ್ ಅವರು ದೊಡ್ಡ ಸಮೀಕ್ಷೆಗೆ ಮೊದಲು ಸಣ್ಣ ಪ್ರಾಯೋಗಿಕ ಸಮೀಕ್ಷೆ ಮಾಡಬೇಕೆಂಬುದನ್ನು ಪದ್ಧತಿಯಾಗಿಯೇ ಬೆಳೆಸಿದರು. ಪೂರ್ವಪರೀಕ್ಷೆಯಲ್ಲಿ ಉತ್ತರಗಳಿಗಿಂತ ಮುಖ್ಯವಾದದ್ದು ಮುಖಗಳು. ಯಾವ ಪ್ರಶ್ನೆಗೆ "ಏನಂದಿರಿ?" ಎಂದು ಮತ್ತೆ ಕೇಳಿದರು, ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು, ಒಟ್ಟು ಎಷ್ಟು ನಿಮಿಷ ಹಿಡಿಯಿತು, ಇವನ್ನು ಬರೆದುಕೊಳ್ಳಿ. ಎಲ್ಲರೂ ಒಂದೇ ಉತ್ತರ ಕೊಟ್ಟ ಪ್ರಶ್ನೆಯಿಂದ ನಿಮಗೆ ಹೊಸದೇನೂ ತಿಳಿಯುವುದಿಲ್ಲ, ತೆಗೆದುಹಾಕಿ. ನನ್ನ ಅನುಭವದಲ್ಲಿ ಪೂರ್ವಪರೀಕ್ಷೆಯ ನಂತರ ಮೂರನೇ ಒಂದು ಭಾಗವಾದರೂ ಬದಲಾಗದ ಪ್ರಶ್ನಾವಳಿಯನ್ನು ಕಂಡೇ ಇಲ್ಲ.

ಐದನೆಯದು: ಸಂದರ್ಶನ

ಕಾರಣಗಳು, ಅನುಭವಗಳು, ಅರ್ಥಗಳು ಬೇಕಾದಾಗ ಚೌಕಕ್ಕೆ ಗುರುತು ಹಾಕಿಸಿ ಪ್ರಯೋಜನವಿಲ್ಲ, ಕುಳಿತು ಕೇಳಬೇಕು. ಹೊಸಬರಿಗೆ ನಾನು ಸೂಚಿಸುವುದು ಅರೆರಚಿತ ಸಂದರ್ಶನ. ಏಳೆಂಟು ಮುಖ್ಯ ವಿಷಯಗಳ ಪಟ್ಟಿ ಕೈಯಲ್ಲಿರುತ್ತದೆ, ಕ್ರಮ ಮಾತ್ರ ಮಾತು ಹರಿದಂತೆ. ಒಂದು ತುಣುಕು ನೋಡಿ:

"ಇವತ್ತು ಬೆಳಿಗ್ಗೆಯಿಂದ ಏನೇನು ಮಾಡಿದಿರಿ ಅಮ್ಮ?"

"ಏನೂ ಇಲ್ಲ, ಮನೆಯಲ್ಲೇ ಇದ್ದೆ."

"ಎದ್ದಿದ್ದು ಎಷ್ಟು ಗಂಟೆಗೆ?"

"ಐದಕ್ಕೆ. ಮಗು ಎದ್ದಿತ್ತು."

"ಆಮೇಲೆ?"

"ಅದನ್ನು ಮಲಗಿಸಿ ಅಡುಗೆಗೆ ಇಟ್ಟೆ. ಅತ್ತೆಗೆ ಮಾತ್ರೆ ಕೊಟ್ಟೆ. ಬಟ್ಟೆ ನೆನೆಸಿದೆ. ದೊಡ್ಡವಳ ಲೆಕ್ಕದ ಪುಸ್ತಕ ಕಾಣುತ್ತಿರಲಿಲ್ಲ, ಅದನ್ನು ಹುಡುಕಿದೆ..."

"ಏನೂ ಇಲ್ಲ" ಎಂಬ ಮೊದಲ ಉತ್ತರವನ್ನು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗಿದ್ದರೆ ದತ್ತಾಂಶದಲ್ಲಿ ಈ ತಾಯಿಯ ಬೆಳಗು ಖಾಲಿಯಾಗಿ ಉಳಿಯುತ್ತಿತ್ತು. ತಾನು ಮಾಡುವುದನ್ನು ತಾನೇ ಕೆಲಸವೆಂದು ಎಣಿಸುತ್ತಿಲ್ಲ ಎಂಬುದು ಸ್ವತಃ ದೊಡ್ಡ ಮಾಹಿತಿ. ಆದ್ದರಿಂದ ಆ "ಏನೂ ಇಲ್ಲ"ವನ್ನೂ ಅಳಿಸದೆ ಬರೆದಿಡಿ. ಇಲ್ಲಿ ಕೇಳಿದವರು ಮಾಡಿದ್ದು ಇಷ್ಟೇ: ಗಡಿಯಾರ ಹಿಡಿದು ಹೆಜ್ಜೆಹೆಜ್ಜೆಯಾಗಿ ನಡೆಸಿದರು, "ಆಮೇಲೆ?" ಎಂದು ದಾರಿ ಬಿಟ್ಟುಕೊಟ್ಟರು. "ಪಾಪ, ಎಷ್ಟೊಂದು ಕೆಲಸ!" ಎಂದು ಉದ್ಗರಿಸಲಿಲ್ಲ. ಹಾಗೆ ಅಂದಿದ್ದರೆ ಮುಂದಿನ ಮಾತೆಲ್ಲ ಆ ಅನುಕಂಪಕ್ಕೆ ತಕ್ಕಂತೆ ಬಾಗುತ್ತಿತ್ತು.

ಎದುರಿನವರು ಮಾತು ನಿಲ್ಲಿಸಿದಾಗ ಕೂಡಲೇ ಮುಂದಿನ ಪ್ರಶ್ನೆ ಎಸೆಯಬೇಡಿ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಆ ಮೌನದ ಆಚೆಗೆ ಬರುವ ವಾಕ್ಯವೇ ಅನೇಕ ಸಲ ಇಡೀ ಸಂದರ್ಶನದ ತಿರುಳು. "ಏಕೆ" ಎಂದು ನೇರವಾಗಿ ಕೇಳಿದರೆ ವಿಚಾರಣೆಯಂತಾಗಿ ಜನ ಸಮರ್ಥನೆಗೆ ಇಳಿಯುತ್ತಾರೆ, "ಅದು ಹೇಗಾಯಿತು, ಸ್ವಲ್ಪ ಬಿಡಿಸಿ ಹೇಳುತ್ತೀರಾ" ಎಂದರೆ ಕಥೆ ಹೇಳುತ್ತಾರೆ. ಧ್ವನಿಮುದ್ರಣಕ್ಕೆ ಒಪ್ಪಿಗೆ ಕೇಳಿ, ಒಪ್ಪಿದರೂ ಪುಸ್ತಕದಲ್ಲಿ ಬರೆಯುವುದನ್ನು ಬಿಡಬೇಡಿ. ಯಂತ್ರ ಮಾತನ್ನು ಹಿಡಿಯುತ್ತದೆ, ಮುಖವನ್ನಲ್ಲ. ಒಂದು ಗಂಟೆಯ ಮಾತನ್ನು ಅಕ್ಷರಕ್ಕೆ ಇಳಿಸಲು ನಾಲ್ಕರಿಂದ ಆರು ಗಂಟೆ ಬೇಕಾಗುತ್ತದೆ. ಎಷ್ಟು ಸಂದರ್ಶನ ಎಂದು ನಿರ್ಧರಿಸುವಾಗ ಈ ಲೆಕ್ಕ ತಲೆಯಲ್ಲಿರಲಿ. ಹೊಸ ಸಂದರ್ಶನಗಳಲ್ಲಿ ಹೊಸ ಅಂಶಗಳು ಬರುವುದು ನಿಂತಿತು ಎನಿಸಿದಾಗ ನಿಲ್ಲಿಸಬಹುದು.

ಗುಂಪು ಚರ್ಚೆ ಇದರ ಸೋದರ. ಆರರಿಂದ ಹತ್ತು ಮಂದಿ, ಒಬ್ಬರು ನಡೆಸುವವರು, ಒಬ್ಬರು ಬರೆದುಕೊಳ್ಳುವವರು. ಜನ ಪರಸ್ಪರ ಹೇಗೆ ವಾದಿಸುತ್ತಾರೆ, ಯಾವ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ ಎಂಬುದು ಇದರಲ್ಲಿ ಕಾಣುತ್ತದೆ. ಯಜಮಾನರನ್ನೂ ಅವರ ಕೈಕೆಳಗೆ ದುಡಿಯುವವರನ್ನೂ, ಅತ್ತೆಯನ್ನೂ ಸೊಸೆಯನ್ನೂ ಒಂದೇ ಗುಂಪಿನಲ್ಲಿ ಕೂರಿಸಬೇಡಿ. ಖಾಸಗಿ ವಿಷಯಗಳಿಗೆ ಈ ವಿಧಾನ ಬೇಡವೇ ಬೇಡ.

ಆರನೆಯದು: ಅವಲೋಕನ

ನೋಡುವುದು ಎಲ್ಲಕ್ಕಿಂತ ಸುಲಭ ಎನಿಸುತ್ತದೆ. ನಿಜದಲ್ಲಿ ಕಷ್ಟದ್ದು ಇದೇ. ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ಮೊದಲ ಮಹಾಯುದ್ಧದ ವರ್ಷಗಳಲ್ಲಿ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆ ಡೇರೆ ಹಾಕಿ, ಅವರ ಭಾಷೆ ಕಲಿತು, ದಿನನಿತ್ಯದ ಬದುಕನ್ನು ಬರೆದುಕೊಂಡ ಮೇಲೆ ಸಹಭಾಗಿ ಅವಲೋಕನಕ್ಕೆ ಮಾನವಶಾಸ್ತ್ರದಲ್ಲಿ ಗಟ್ಟಿ ನೆಲೆ ಸಿಕ್ಕಿತು. ಆದರೆ ನಾನು ಹೊಸಬರಿಗೆ ಸದಾ ಹೇಳುವ ಉದಾಹರಣೆ ಬೇರೆ.

ಆಸ್ಟ್ರಿಯಾದ ಮರಿಯೆಂಥಾಲ್ ಎಂಬ ಹಳ್ಳಿ ಒಂದು ಬಟ್ಟೆ ಗಿರಣಿಯನ್ನೇ ನಂಬಿತ್ತು. ಗಿರಣಿ ಮುಚ್ಚಿದಾಗ ಊರಿಗೆ ಊರೇ ನಿರುದ್ಯೋಗಿಯಾಯಿತು. ಮಾರಿ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಮತ್ತು ಸಂಗಡಿಗರು ಅಲ್ಲಿಗೆ ಹೋದರು. ಅಧ್ಯಯನ 1933ರಲ್ಲಿ ಪ್ರಕಟವಾಯಿತು. 478 ಕುಟುಂಬಗಳಿಗೂ ಒಂದೊಂದು ಕಾರ್ಡು ಮಾಡಿದರು. ಜೀವನಕಥೆಗಳನ್ನು ಕೇಳಿದರು, ದಿನದ ಗಂಟೆಗಂಟೆಯ ಹಾಳೆಗಳನ್ನು ಬರೆಸಿದರು, ಗ್ರಂಥಾಲಯದಿಂದ ಎಷ್ಟು ಪುಸ್ತಕ ಹೋಗುತ್ತಿದೆ ಎಂದು ಎಣಿಸಿದರು. ಬೇಕಾದಷ್ಟು ಬಿಡುವಿತ್ತು, ಆದರೂ ಓದು ಇಳಿದುಹೋಗಿತ್ತು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಇನ್ನೊಂದು ಕೆಲಸ. ಮುಖ್ಯಬೀದಿಯಲ್ಲಿ ಜನ ನಡೆಯುವ ವೇಗವನ್ನು ಅವರಿಗೆ ತಿಳಿಯದಂತೆ ಅಳೆದರು. ಗಂಡಸರು ನಿಧಾನ, ಮತ್ತೆ ಮತ್ತೆ ನಿಲ್ಲುತ್ತಾರೆ. ಹೆಂಗಸರು ಬೇಗ, ಏಕೆಂದರೆ ಸಂಬಳದ ಕೆಲಸ ಹೋದರೂ ಮನೆಗೆಲಸ ಹೋಗಿರಲಿಲ್ಲ. "ನಿಮಗೆ ಹೊತ್ತು ಹೇಗೆ ಹೋಗುತ್ತಿದೆ?" ಎಂದು ಯಾವ ಪ್ರಶ್ನಾವಳಿಯಲ್ಲಿ ಕೇಳಿದ್ದರೂ ಇಷ್ಟು ನಿಖರವಾದ ಉತ್ತರ ಬರುತ್ತಿರಲಿಲ್ಲ. ಜೊತೆಗೆ, ತಂಡದ ಯಾರೂ ಸುಮ್ಮನೆ ನೋಡುಗರಾಗಿ ಊರಿನಲ್ಲಿ ಇರಬಾರದೆಂದು ಅವರು ನಿಯಮ ಮಾಡಿಕೊಂಡಿದ್ದರು. ಬಟ್ಟೆ ಹಂಚುವುದು, ವೈದ್ಯಕೀಯ ತಪಾಸಣೆಯಂಥ ಏನಾದರೊಂದು ಉಪಯುಕ್ತ ಕೆಲಸ ಹೊತ್ತುಕೊಂಡೇ ಊರೊಳಗೆ ಇರಬೇಕಿತ್ತು.

ಅವಲೋಕನದ ಟಿಪ್ಪಣಿಯಲ್ಲಿ ಕಂಡದ್ದನ್ನೂ ಅನಿಸಿದ್ದನ್ನೂ ಬೇರ್ಪಡಿಸಿ ಬರೆಯುವುದು ಮೊದಲ ಶಿಸ್ತು. "ಅವರಿಗೆ ಬೇಸರವಾಗಿತ್ತು" ಎಂಬುದು ನಿಮ್ಮ ತೀರ್ಮಾನ. "ಹತ್ತು ನಿಮಿಷದಲ್ಲಿ ಮೂರು ಸಲ ಗಡಿಯಾರ ನೋಡಿದರು, ಉತ್ತರಗಳು ಒಂದೆರಡು ಪದಕ್ಕೆ ಇಳಿದವು" ಎಂಬುದು ಕಂಡದ್ದು. ಪುಟದ ಎಡಭಾಗದಲ್ಲಿ ಕಂಡದ್ದು, ಬಲಭಾಗದಲ್ಲಿ ನಿಮ್ಮ ಊಹೆ, ಹೀಗೆ ಬರೆಯಿರಿ. ಆರು ತಿಂಗಳ ನಂತರ ಊಹೆ ಬದಲಾಗಬಹುದು, ಎಡಭಾಗ ಹಾಗೆಯೇ ಇರುತ್ತದೆ. ಟಿಪ್ಪಣಿಯನ್ನು ಅದೇ ರಾತ್ರಿ ವಿಸ್ತರಿಸಿ ಬರೆಯಲೇಬೇಕು. ಒಂದು ನಿದ್ದೆ ಕಳೆದರೆ ಜನ ಆಡಿದ ಮಾತು ನಿಮ್ಮ ಮಾತಾಗಿ ಮಾರ್ಪಟ್ಟಿರುತ್ತದೆ. ತಮ್ಮನ್ನು ಯಾರೋ ನೋಡುತ್ತಿದ್ದಾರೆ ಎಂದು ತಿಳಿದಾಗ ಜನರ ನಡವಳಿಕೆ ಬದಲಾಗುವುದೂ ಉಂಟು. ಅದಕ್ಕೆ ನನಗೆ ಗೊತ್ತಿರುವ ಮದ್ದು ಹೆಚ್ಚು ದಿನ ಇರುವುದು. ಮೊದಲ ಒಂದೆರಡು ದಿನ ಕಂಡದ್ದನ್ನು ಎಚ್ಚರದಿಂದ ಓದಿ.

ವಿಧಾನಗಳನ್ನು ಎದುರುಬದುರು ನಿಲ್ಲಿಸುವುದು

ನಮ್ಮ ಮನೆಗೆಲಸದ ಉದಾಹರಣೆಗೆ ಹಿಂದಿರುಗೋಣ. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ ಹೆಂಡತಿಯರನ್ನು ಬೇರೆಬೇರೆಯಾಗಿ, ಮನೆಯ ಒಂದೊಂದು ಕೆಲಸದಲ್ಲಿ ತಮ್ಮ ಹೊಣೆ ಎಷ್ಟು ಎಂದು ಕೇಳಿದ್ದರು. ಇಬ್ಬರ ಅಂದಾಜನ್ನೂ ಕೂಡಿಸಿದಾಗ ಬಹುಪಾಲು ಕೆಲಸಗಳಲ್ಲಿ ಮೊತ್ತ ನೂರನ್ನು ಮೀರಿತು. ಇವರು ಸುಳ್ಳು ಹೇಳುತ್ತಿದ್ದರು ಎಂದಲ್ಲ, ತಾವು ಮಾಡಿದ್ದು ಎಲ್ಲರಿಗೂ ಚೆನ್ನಾಗಿ ನೆನಪಿರುತ್ತದೆ. ಒಬ್ಬರನ್ನೇ ಕೇಳಿದ ಸಮೀಕ್ಷೆಗೆ ಈ ಹೆಚ್ಚುವರಿ ಎಂದೂ ಕಾಣುವುದಿಲ್ಲ. ಆದ್ದರಿಂದ ಸಾಧ್ಯವಾದಲ್ಲಿ ಇಬ್ಬರನ್ನೂ ಕೇಳಿ. ಕೆಲವು ಮನೆಗಳಲ್ಲಾದರೂ ಇಪ್ಪತ್ತನಾಲ್ಕು ಗಂಟೆಯನ್ನು ಹದಿನೈದು ನಿಮಿಷಗಳ ಸಾಲುಗಳಾಗಿ ಒಡೆದ ದಿನಚರಿ ಹಾಳೆ ಕೊಟ್ಟು ತುಂಬಿಸಿ, ಕೆಲಸದ ದಿನ ಒಂದು, ರಜೆಯ ದಿನ ಒಂದು. "ಅದರ ಜೊತೆಗೆ ಬೇರೇನು ಮಾಡುತ್ತಿದ್ದಿರಿ?" ಎಂಬ ಎರಡನೆಯ ಕಂಬಸಾಲು ಬಿಡದಿರಲಿ. ಮಗುವನ್ನು ನೋಡಿಕೊಳ್ಳುವ ಕೆಲಸದ ದೊಡ್ಡ ಪಾಲು ಆ ಕಂಬಸಾಲಿನಲ್ಲೇ ಸಿಗುತ್ತದೆ. ಸಮೀಕ್ಷೆ ಒಂದು ಹೇಳಿ ದಿನಚರಿ ಇನ್ನೊಂದು ಹೇಳಿದರೆ ಗಾಬರಿಯಾಗಿ ಒಂದನ್ನು ಮರೆಮಾಚಬೇಡಿ. ಆ ಅಂತರವನ್ನೇ ಬರೆಯಿರಿ.

ಸಮ್ಮತಿ ಮತ್ತು ಗೋಪ್ಯತೆ

ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ರೋಗವಿದ್ದ 399 ಕಪ್ಪು ಜನಾಂಗದ ಗಂಡಸರನ್ನು, ಅವರಿಗೆ ನಿಜ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತ ಕುಳಿತಿದ್ದರು. ಅದು ಹೊರಬಿದ್ದ ನಂತರ 1979ರಲ್ಲಿ ಸಂಶೋಧನೆಯ ನೀತಿಯನ್ನು ಕುರಿತು ಬಂದ ಬೆಲ್ಮಾಂಟ್ ವರದಿ ವ್ಯಕ್ತಿಗೆ ಗೌರವ, ಒಳಿತು, ನ್ಯಾಯ ಎಂಬ ಮೂರು ತತ್ವಗಳನ್ನು ಮುಂದಿಟ್ಟಿತು. ನಮ್ಮ ಕೆಲಸದಲ್ಲಿ ಸೂಜಿಯಿಲ್ಲ ಎಂದು ಇದನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಮನೆಯೊಳಗಿನ ಮಾತು ಹೊರಬಿದ್ದರೆ ಏಟು ತಿನ್ನುವವರು ನಾವಲ್ಲ, ಹೇಳಿದವರು.

ಕುಳಿತ ಕೂಡಲೇ ಹೇಳಬೇಕಾದ ಮಾತುಗಳಿವೆ: ನಾನು ಯಾರು, ಇದು ಯಾಕಾಗಿ, ಎಷ್ಟು ಹೊತ್ತು ಹಿಡಿಯುತ್ತದೆ, ಇದರಿಂದ ನಿಮಗೆ ಸವಲತ್ತು ಸಿಗುವುದಿಲ್ಲ, ಬೇಡವೆನಿಸಿದ ಪ್ರಶ್ನೆಗೆ ಉತ್ತರಿಸಬೇಕಿಲ್ಲ, ನಡುವೆ ಎದ್ದುಹೋಗಬಹುದು. ಸವಲತ್ತಿನ ಮಾತನ್ನು ನುಂಗಿಕೊಳ್ಳುವ ಸಂಶೋಧಕರನ್ನು ನೋಡಿದ್ದೇನೆ. ಆಸೆ ಹುಟ್ಟಿಸಿ ಪಡೆದ ಸಮ್ಮತಿ ಸಮ್ಮತಿಯಲ್ಲ. ಉತ್ತರದ ಹಾಳೆಯಲ್ಲಿ ಹೆಸರು ಬೇಡ, ಸಂಖ್ಯೆ ಇರಲಿ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಬೇರೆ ಕಡೆ ಬೀಗದೊಳಗಿರಲಿ. ಹೆಸರು ತೆಗೆದರೂ "ಊರಿನ ಏಕೈಕ ವೈದ್ಯೆ" ಎಂದು ಬರೆದರೆ ಗುರುತು ಸಿಕ್ಕಿಬಿಡುತ್ತದೆ, ಅದನ್ನೂ ಗಮನಿಸಿ.

ಕೊನೆಯದು: ದಿನದ ಕೊನೆಯ ಅರ್ಧ ಗಂಟೆ

ಪ್ರತಿ ಸಂಜೆ ಅಂದಿನ ಅನುಸೂಚಿಗಳನ್ನೆಲ್ಲ ಹರಡಿಕೊಂಡು ಓದಿ. ಖಾಲಿ ಬಿಟ್ಟ ಅಂಕಣ, ಹದಿನೆಂಟು ವರ್ಷದ ತಾಯಿಗೆ ಹದಿನಾರು ವರ್ಷದ ಮಗ ಎಂಬಂಥ ಅಸಂಗತಗಳು ಆಗಲೇ ಕಣ್ಣಿಗೆ ಬೀಳುತ್ತವೆ. ಮರುದಿನ ಹೋಗಿ ಕೇಳಬಹುದು. ಮೂರು ತಿಂಗಳ ನಂತರ ಕಂಡರೆ ಆ ಹಾಳೆಯನ್ನೇ ಬಿಡಬೇಕಾಗುತ್ತದೆ. "ಗೊತ್ತಿಲ್ಲ", "ಹೇಳಲು ಒಪ್ಪಲಿಲ್ಲ", "ಅನ್ವಯಿಸುವುದಿಲ್ಲ" ಈ ಮೂರಕ್ಕೂ ಬೇರೆಬೇರೆ ಸಂಕೇತ ಕೊಡಿ. ಎಲ್ಲವನ್ನೂ ಖಾಲಿ ಬಿಟ್ಟರೆ ಆಮೇಲೆ ಬೇರ್ಪಡಿಸಲಾಗುವುದಿಲ್ಲ.

ಆಮೇಲೆ ಪ್ರತಿ ಮಾಡಿ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಬಳಿಯ, ಅವರು ರಾಮಪುರ ಎಂದು ಕರೆದ ಹಳ್ಳಿಯಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಸಂಸ್ಕರಿಸಿ, ಮೂರು ಪ್ರತಿಗಳನ್ನು ಇಟ್ಟುಕೊಂಡಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ ಆ ಮೂರೂ ಪ್ರತಿಗಳು ಅಲ್ಲಿನ ಅವರ ಕೋಣೆಯಲ್ಲೇ ಇದ್ದವು. ಆ ಹಳ್ಳಿಯ ಬಗೆಗಿನ ಪುಸ್ತಕವನ್ನು ಅವರು ಬಹುಮಟ್ಟಿಗೆ ನೆನಪಿನಿಂದಲೇ ಬರೆಯಬೇಕಾಯಿತು. ಒಂದೇ ಕೋಣೆಯಲ್ಲಿರುವ ಮೂರು ಪ್ರತಿಗಳನ್ನು ಒಂದೇ ಪ್ರತಿ ಎಂದು ಎಣಿಸಿ. ಇಂದಿನ ಹಾಳೆಗಳ ಫೋಟೋ ತೆಗೆದು, ಗೋಪ್ಯಪದ ಹಾಕಿ, ಲ್ಯಾಪ್‌ಟಾಪಿನಲ್ಲಿ ಒಂದು, ಬೇರೆ ಕಟ್ಟಡದಲ್ಲಿರುವ ಪೆನ್‌ಡ್ರೈವ್‌ನಲ್ಲಿ ಒಂದು ಇಟ್ಟ ಮೇಲೆಯೇ ಮಲಗಿ.